ಹತ್ತಿಯ ಕಾವು

ಒಂದೇ ರೋಗಕ್ಕೆ ಆಸ್ಪತ್ರೆಯಲ್ಲಿ ಎರಡು ಬಾಗಿಲು ಇಟ್ಟರಲ್ಲ, ಅಂದು ನೀವು ಯಾವ ಬಾಗಿಲಿನಿಂದ ಒಳಗೆ ಹೋದಿರಿ? ಹೋಗುವಾಗ ಎಡಗಡೆಯ ಸಾಲನ್ನು ಒಮ್ಮೆಯಾದರೂ ಕಣ್ಣೆತ್ತಿ ನೋಡಿದಿರಾ? ನೋಡಿದ್ದರೆ, ತಲೆಗೆ ಬಟ್ಟೆ ಸುತ್ತಿಕೊಂಡು, ಗೋಡೆಗೆ ಒರಗಿ, ತನ್ನಷ್ಟಕ್ಕೆ ತಾನೇ ಕಿಸಕ್ಕೆಂದು ನಗುತ್ತಿದ್ದ ಒಬ್ಬ ಹೆಂಗಸು ನಿಮ್ಮ ಕಣ್ಣಿಗೆ ಬಿದ್ದಿರಲೇಬೇಕು. ಹುಚ್ಚು ಹಿಡಿದಿದೆ ಪಾಪ ಎಂದುಕೊಂಡು ಮುಂದೆ ಹೋಗಿರುತ್ತೀರಿ. ಹುಚ್ಚಲ್ಲ. ಜ್ವರ. ಜ್ವರ ಏರಿದಾಗಲೆಲ್ಲ ಆಕೆಗೆ ನಗು ಬರುತ್ತಿತ್ತು.

ಬೀದಿಯವರು ಆಕೆಯನ್ನು ಇಸ್ತ್ರಿಯಮ್ಮ ಎಂದು ಕರೆಯುತ್ತಿದ್ದರು. ದೊಡ್ಡಾಸ್ಪತ್ರೆಯ ಹಿಂಗೋಡೆಗೆ ಬೆನ್ನು ಹಚ್ಚಿಕೊಂಡ ಬೀದಿಯಲ್ಲಿ ಅವರದೊಂದು ಕೋಣೆ. ಎರಡು ಮೇಜು, ಎರಡು ಇಸ್ತ್ರಿಪೆಟ್ಟಿಗೆ, ನೀರು ಚಿಮುಕಿಸುವ ಒಂದು ಬಟ್ಟಲು, ತಾಯಿ, ಮಗಳು. ಮಲಗುವುದೂ ಅಲ್ಲೇ, ಮೇಜಿನ ಕೆಳಗೆ. ಆಸ್ಪತ್ರೆಯ ವೈದ್ಯರ ಬಿಳಿ ಕೋಟುಗಳೆಲ್ಲ ಮೂವತ್ತು ವರ್ಷಗಳಿಂದ ಆ ಎರಡು ಮೇಜುಗಳ ಮೇಲೆ ಮಲಗಿ ಎದ್ದು ಹೋಗಿದ್ದವು. ದಿನಕ್ಕೆ ಹನ್ನೆರಡು ಗಂಟೆ ನಿಂತ ಕಾಲುಗಳು. ಮೊಣಕಾಲಿನ ಹಿಂದೆ ಹಗ್ಗದಂತೆ ಗಂಟುಕಟ್ಟಿದ ನರಗಳು. ಮುಂಗೈಯಲ್ಲಿ ಸುಟ್ಟ ಗೆರೆಗಳು: ತಾಯಿಗೆ ಹದಿನೇಳು, ಮಗಳಿಗೆ ಒಂಬತ್ತು. “ನನ್ನ ಸರಿಸಮ ಬರೋಕೆ ಇನ್ನೂ ಎಂಟು ಬೇಕು ಕಣೇ ನಿನಗೆ, ಸೋಮಾರಿ,” ಎಂದು ತಾಯಿ ಚುಡಾಯಿಸುತ್ತಿದ್ದಳು.

ಕಾವನ್ನು ಅಳೆಯಲು ಅವರಿಗೆ ಯಂತ್ರ ಬೇಕಿರಲಿಲ್ಲ. ಅಂಗೈಯನ್ನು ಪೆಟ್ಟಿಗೆಯಿಂದ ಒಂದು ಬೆರಳು ದೂರ ಹಿಡಿದರೆ ಸಾಕು. ರೇಷ್ಮೆಯ ಕಾವು ಎಷ್ಟು, ಉಣ್ಣೆಯ ಕಾವು ಎಷ್ಟು, ಎಲ್ಲಕ್ಕಿಂತ ಮೇಲಿನ ಹತ್ತಿಯ ಕಾವು ಎಷ್ಟು ಎಂದು ಕೈಯೇ ಹೇಳುತ್ತಿತ್ತು. ತಾಯಿಯ ಎದೆಯಲ್ಲಿ ಗಡ್ಡೆ ಸಿಕ್ಕಿ, ಅದು ಕ್ಯಾನ್ಸರ್ ಎಂದು ತಿಳಿದು, ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ ಶುರುವಾದ ಮೇಲೆ ಮೈಯ ಕಾವಿಗೂ ಅದೇ ಅಳತೆ ಬಂತು. ಬೆಳಗ್ಗೆ ಎದ್ದ ಕೂಡಲೇ ಮಗಳು ತಾಯಿಯ ಕುತ್ತಿಗೆಯ ಹಿಂದೆ ಅಂಗೈ ಇಡುವಳು.

“ಏನಂತೆ ನಿನ್ನ ಕೈ?”

“ತಣ್ಣಗಿದೆ ಅಮ್ಮ. ರೇಷ್ಮೆಗೂ ಸಾಲಲ್ಲ.”

“ಹಾಗಾದ್ರೆ ಎದ್ದು ನಾಲ್ಕು ಕೋಟು ಉಜ್ಜುತೀನಿ, ಬಿಡು.”

ಇನ್ನು ಕಾರ್ಡಿನ ವಿಷಯ. ಕೀಮೋ ಹಾಕಿಸಿಕೊಂಡವರ ಮೈಯಲ್ಲಿ ವಾರ ಕಳೆಯುವಷ್ಟರಲ್ಲಿ ಬಿಳಿ ರಕ್ತಕಣ ತಳ ಕಾಣುತ್ತದೆ. ಆ ದಿನಗಳಲ್ಲಿ ಬರುವ ಜ್ವರ ನಿಮ್ಮ ನಮ್ಮ ಮನೆಯ ನೆಗಡಿ ಜ್ವರದಂಥದ್ದಲ್ಲ. ಒಂದು ಗಂಟೆಯೊಳಗೆ ಔಷಧಿ ರಕ್ತಕ್ಕೆ ಇಳಿಯಬೇಕು. ಇಳಿಯದಿದ್ದರೆ ಮನುಷ್ಯ ಕಣ್ಣೆದುರೇ ಇಳಿದುಹೋಗುತ್ತಾನೆ. ಇದು ಆಸ್ಪತ್ರೆಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅದು ಒಂದು ಹಳದಿ ಕಾರ್ಡು ಅಚ್ಚು ಹಾಕಿಸಿತ್ತು. ಕಾರ್ಡು ತೋರಿಸಿದವರಿಗೆ ಬಲಗಡೆಯ ಬಾಗಿಲು. ಒಳಗೆ ಹಾಸಿಗೆ, ನರ್ಸು, ಸೂಜಿ, ಎಲ್ಲವೂ ಸಿದ್ಧ. ಆದರೆ ಕಾರ್ಡು ಕೊಡುತ್ತಿದ್ದುದು ದುಡ್ಡು ಕಟ್ಟುವ ವಿಶೇಷ ವಿಭಾಗದ ರೋಗಿಗಳಿಗೆ ಮಾತ್ರ. ಸಾಮಾನ್ಯ ವಿಭಾಗದವರು ಎಡಗಡೆಯ ಸಾಲಿಗೆ ಹೋಗಬೇಕು. ಅಲ್ಲಿ ಕೆಮ್ಮುವವರು, ಸೀನುವವರು, ಕಫ ಉಗುಳುವವರು, ಊರಿನ ಜ್ವರಗಳೆಲ್ಲ ಒಂದರ ಹಿಂದೆ ಒಂದು. ಮೈಯಲ್ಲಿ ಕಾವಲುಗಾರನೇ ಇಲ್ಲದವನನ್ನು ಅಲ್ಲಿ ಮೂರು ಗಂಟೆ ನಿಲ್ಲಿಸಿದರೆ ಏನಾಗುತ್ತದೆಂದು ತಿಳಿಯಲು ವೈದ್ಯಶಾಸ್ತ್ರ ಓದಬೇಕಿಲ್ಲ. ಓದಿದವರೇ ನಿಲ್ಲಿಸಿದ್ದರು.

ಮಗಳಿಗೆ ಈ ಕಾರ್ಡಿನ ವಿಷಯ ತಿಳಿದದ್ದು ಒಂದು ಕೋಟಿನ ಜೇಬಿನಿಂದ. ಜೇಬಿನಲ್ಲಿ ಸಿಕ್ಕಿದ್ದನ್ನು ಹಿಂತಿರುಗಿಸುವುದು ಇಸ್ತ್ರಿಯವರ ನೇಮ. ಪೆನ್ನು ಇರಲಿ, ಉಂಗುರ ಇರಲಿ, ಪ್ರೇಮಪತ್ರ ಇರಲಿ, ಒಂದು ಲಕೋಟೆಗೆ ಹಾಕಿ ಕೋಟಿಗೇ ಪಿನ್ನು ಚುಚ್ಚಿ ಕಳಿಸುವುದು. ಆ ಕಾರ್ಡಿನಲ್ಲಿ ಇನ್ನೂ ಯಾವ ರೋಗಿಯ ವಿವರವನ್ನೂ ಬರೆದಿರಲಿಲ್ಲ. ಮಗಳು ಅದನ್ನು ಎರಡು ಸಲ ಓದಿದಳು. ತಾಯಿಯ ಮುಖ ನೋಡಿದಳು.

“ಇಟ್ಕೊಳ್ಳೋಣ್ವಾ ಅಮ್ಮ?”

“ಮೂವತ್ತು ವರ್ಷದಲ್ಲಿ ಒಂದು ಗುಂಡಿ ಇಟ್ಕೊಂಡಿಲ್ಲ. ಈಗ ಕಾರ್ಡು ಇಟ್ಕೊಳ್ತೀಯಾ? ಹೋಗಿ ಕೇಳು. ಕೊಡ್ತಾರೆ. ಅವರೇನು ರಾಕ್ಷಸರಾ?”

ಮಗಳು ಹೋಗಿ ಕೇಳಿದಳು. ಚೀಟಿ ಕೌಂಟರಿನ ಗುಮಾಸ್ತ ತಲೆಯೆತ್ತದೆ ಹೇಳಿದ: “ಅದು ನಿಮಗಲ್ಲ.” ಕಾರ್ಡು ಲಕೋಟೆಯೊಳಗೆ ಹಿಂದಕ್ಕೆ ಹೋಯಿತು.

ಮೂರನೆಯ ಕೀಮೋ ಆಗಿ ಹತ್ತನೆಯ ದಿನ. ಬೆಳಗಿನ ಆರು ಗಂಟೆ. ಮಗಳು ತಾಯಿಯ ಕುತ್ತಿಗೆಯ ಹಿಂದೆ ಕೈ ಇಟ್ಟಳು; ಇಟ್ಟ ಕೈಯನ್ನು ಥಟ್ಟನೆ ಎಳೆದುಕೊಂಡಳು. ಅಷ್ಟು ವರ್ಷ ಸುಡುವ ಕಬ್ಬಿಣ ಹಿಡಿದ ಕೈ ಅದು.

“ಹತ್ತಿ,” ಎಂದಳು.

“ಹತ್ತಿನಾ? ಹತ್ತಿಯಾದ್ರೆ ಇಕೋ, ನನ್ನ ಬೆನ್ನ ಮೇಲೇ ಎರಡು ಕೋಟು ಎಳೆದುಬಿಡು, ಕರೆಂಟಾದ್ರೂ ಉಳೀಲಿ,” ಎಂದು ತಾಯಿ ಹೇಳಿ ನಗಲಾರಂಭಿಸಿದಳು. ನಗು ನಿಲ್ಲಲಿಲ್ಲ. ಅವಳ ನಗು ನೋಡಿ ಮಗಳಿಗೂ ನಗು ಬಂತು. ಭಯದ ನಡುವೆಯೂ ಬಂತು. ನಗುತ್ತಲೇ ಅವಳು ಬಟ್ಟೆ ತಲುಪಿಸುವ ತಳ್ಳುಗಾಡಿಯನ್ನು ಹೊರಗೆ ಎಳೆದಳು. ಅಂದು ಆಸ್ಪತ್ರೆಯ ಹೊಸ ಕಟ್ಟಡದ ಉದ್ಘಾಟನೆ. ಹತ್ತು ಗಂಟೆಗೆ ದೊಡ್ಡವರು ಬರುತ್ತಾರೆ, ವೈದ್ಯರೆಲ್ಲ ಗರಿಗರಿ ಕೋಟಿನಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದಕ್ಕಾಗಿ ನಲವತ್ತು ಕೋಟುಗಳನ್ನು ಹಿಂದಿನ ಸಂಜೆಯೇ ಮಡಚಿ, ಶುಭ್ರ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದರು.

“ಗಂಟನ್ನೂ ಹಾಕು. ಕೊಡ್ತೀನಿ ಅಂದಿದೀವಿ,” ಎಂದಳು ತಾಯಿ. ಹೊರಡುವ ಮುಂಚೆ, ಇಸ್ತ್ರಿಯವರಷ್ಟೇ ಮಾಡಬಹುದಾದ ಒಂದು ತಪ್ಪನ್ನೂ ಮಾಡಿದಳು. ಬಟ್ಟಲಿನಲ್ಲಿ ಕೈ ಅದ್ದಿ ಮುಖಕ್ಕೆ ನೀರು ಚಿಮುಕಿಸಿಕೊಂಡಳು. ಸುಕ್ಕು ಬಿದ್ದ ಬಟ್ಟೆಗೆ ಮೊದಲು ನೀರು, ಆಮೇಲೆ ಎಲ್ಲ. ದೊಡ್ಡ ಜಾಗಕ್ಕೆ ಸುಕ್ಕು ಮೋರೆ ಹೊತ್ತು ಹೋಗಬಾರದು. ಒಮ್ಮೆಯಲ್ಲ, ಬಟ್ಟಲನ್ನೇ ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಚಿಮುಕಿಸಿಕೊಂಡಳು.

ಗಾಡಿಯ ಮೇಲೆ ಗಂಟು, ಗಂಟಿನ ಪಕ್ಕದಲ್ಲಿ ತಾಯಿ. ಹಿಂದಿನಿಂದ ಮಗಳು ತಳ್ಳುತ್ತಿದ್ದಳು. ಒಂದು ಚಕ್ರ ಕಿರುಚುತ್ತಿತ್ತು.

“ಹಾರ್ನ್ ಹೊಡಿಯೇ! ಎದುರಿಗೆ ನಾಯಿ ಬಂತು!”

“ಸುಮ್ಮನೆ ಕೂತ್ಕೋ ಅಮ್ಮ, ಬಿದ್ದುಬಿಡ್ತೀಯ.”

“ಬಿದ್ರೆ ಕೋಟಿನ ಮೇಲೇ ಬೀಳ್ತೀನಿ. ನಲವತ್ತು ಡಾಕ್ಟ್ರು ಒಟ್ಟಿಗೆ ಹಿಡ್ಕೋತಾರೆ ನನ್ನ.”

ಬಲಗಡೆಯ ಬಾಗಿಲಿನಲ್ಲಿ ಕಾವಲುಗಾರ ಕುಳಿತಿದ್ದ. ಬಿಳಿ ಕೋಟು ಕಂಡ ಕೂಡಲೇ ಎದ್ದು ಸಲಾಮು ಹೊಡೆದು ಬಾಗಿಲು ತೆರೆಯುವುದು ಅವನ ಉದ್ಯೋಗ. ಹದಿನಾರು ವರ್ಷ ಅದನ್ನೇ ಮಾಡಿ ಮಾಡಿ, ಅವನಿಗೆ ಸಲಾಮಣ್ಣ ಎಂದೇ ಹೆಸರು ಬಿದ್ದಿತ್ತು. ಮಗಳು ವಾರಕ್ಕೆ ಮೂರು ದಿನ ಕೋಟು ತಲುಪಿಸುವುದು ಅವನ ಬಾಗಿಲಿನಿಂದಲೇ.

“ಬಾ ತಂಗಿ, ಬೇಗ ಬಂದೆ. ಒಳಗೆ ಎಲ್ಲರೂ ಕೋಟು ಕೋಟು ಅಂತಿದಾರೆ,” ಎಂದು ಅವನು ಬಾಗಿಲನ್ನು ಅರ್ಧ ತೆರೆದ.

“ಅಣ್ಣ, ಅಮ್ಮನಿಗೆ ಜ್ವರ. ಕೀಮೋ ಆಗಿ ಹತ್ತು ದಿನ. ಒಳಗೆ ಬಿಟ್ಟುಬಿಡಿ.”

ಅವನು ಅತ್ತ ಇತ್ತ ನೋಡಿದ. “ಕಾರ್ಡು?”

“ಇಲ್ಲ.”

“ಹಾಗಾದ್ರೆ ಗಂಟು ಇಲ್ಲಿ ಕೊಡು. ಅಮ್ಮನ್ನ ಆ ಕಡೆ ಕರ್ಕೊಂಡು ಹೋಗು.”

ಇದಕ್ಕಿಂತ ಸ್ಪಷ್ಟವಾಗಿ ಯಾವ ಕಾನೂನೂ ಎಂದೂ ಬರೆಯಲ್ಪಟ್ಟಿಲ್ಲ. ತಾಯಿ ತೀಡಿದ ಬಟ್ಟೆಗೆ ಬಾಗಿಲು ಉಂಟು; ತಾಯಿಗೆ ಇಲ್ಲ. ಮಗಳು ಗಂಟು ಕೊಡಲಿಲ್ಲ. ಕೊಡಬಾರದೆಂದು ಆಗಲೇ ತೀರ್ಮಾನಿಸಿದ್ದಳೆಂದಲ್ಲ. ಎರಡೂ ಕೈಯಲ್ಲಿ ತಾಯಿ ಇದ್ದಳು. ಗಾಡಿಯನ್ನು ಅಲ್ಲೇ ಬಿಟ್ಟು, ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು, ತಾಯಿಯ ಸೊಂಟ ಬಳಸಿ ಹಿಡಿದು, ಎಡಗಡೆಗೆ ನಡೆದಳು.

ಎಡಗಡೆಯ ಸಾಲು ಮೆಟ್ಟಿಲು ಇಳಿದು ಗಾಡಿ ನಿಲ್ಲಿಸುವ ಜಾಗದವರೆಗೆ ಬಂದಿತ್ತು. ಎಪ್ಪತ್ತಕ್ಕೂ ಹೆಚ್ಚು ಜನ. ಮಗಳು ನೇರ ಕೌಂಟರಿಗೆ ಹೋಗಿ ಕಿಟಕಿ ಬಡಿದಳು. ಗುಮಾಸ್ತ ಬಂದೂಕಿನಂಥ ಜ್ವರದ ಯಂತ್ರವನ್ನು ತಾಯಿಯ ಹಣೆಗೆ ಗುರಿಯಿಟ್ಟ. ಹಣೆ ಇನ್ನೂ ಒದ್ದೆಯಾಗಿತ್ತು.

“ತೊಂಬತ್ತೇಳು. ಜ್ವರವೇ ಇಲ್ಲ. ಹೋಗಿ ಸಾಲಲ್ಲಿ ನಿಂತ್ಕೊಳ್ಳಿ.”

“ಸಾರ್, ಮುಖಕ್ಕೆ ನೀರು ಹಾಕ್ಕೊಂಡಿದಾರೆ. ಕಂಕುಳಲ್ಲಿ ನೋಡಿ. ಹತ್ತಿ ಕಾವು ಇದೆ.”

“ಏನು ಕಾವು?”

“ಹತ್ತಿ. ಇಸ್ತ್ರಿಪೆಟ್ಟಿಗೇಲಿ ಎಲ್ಲಕ್ಕಿಂತ...”

ಗುಮಾಸ್ತ ಪಕ್ಕದವನ ಕಡೆ ತಿರುಗಿದ. “ಕೇಳಿದ್ಯೇನಯ್ಯ? ಜ್ವರ ಹತ್ತಿಯಲ್ಲಿದೆಯಂತೆ. ನಾಳೆ ಪಾಲಿಯೆಸ್ಟರ್‌ನಲ್ಲಿ ಬರುತ್ತೆ.” ಇಬ್ಬರೂ ನಕ್ಕರು. ಆಶ್ಚರ್ಯವೆಂದರೆ ತಾಯಿಯೂ ನಕ್ಕಳು. “ಪಾಲಿಯೆಸ್ಟರ್ ಆದ್ರೆ ಸಾರ್, ನಾನು ಇಷ್ಟು ಹೊತ್ತಿಗೆ ಕರಗಿ ಅಂಟ್ಕೊಂಡುಬಿಡ್ತಿದ್ದೆ,” ಎಂದಳು. ಅವಳ ಮಾತು ಅವರದಕ್ಕಿಂತ ಚೆನ್ನಾಗಿತ್ತು. ಅದಕ್ಕೇ ಗುಮಾಸ್ತನ ನಗು ಆರಿತು. ಕಿಟಕಿ ಮುಚ್ಚಿತು.

ಸಾಲಿನಲ್ಲಿ ನಿಂತರು. ಒಂದು ಗಂಟೆಯಾಯಿತು, ಇಪ್ಪತ್ತು ಹೆಜ್ಜೆ ಮುಂದಕ್ಕೆ ಬಂದರು. ತಾಯಿಯ ಕಾಲು ಸೋಲುತ್ತಿತ್ತು. ಮಗಳು ತನ್ನ ಪಾದದ ಮೇಲೆ ತಾಯಿಯ ಪಾದ ಇರಿಸಿಕೊಂಡು, ಇಬ್ಬರ ಭಾರವನ್ನೂ ಒಂದೇ ಜೊತೆ ಮೊಣಕಾಲಿನಲ್ಲಿ ಹೊತ್ತು ನಿಂತಳು. ಹನ್ನೆರಡು ಗಂಟೆ ನಿಲ್ಲುವ ಕಾಲುಗಳು ಅವು, ಅವಕ್ಕೆ ಅಭ್ಯಾಸವಿತ್ತು. ಮನಸ್ಸಿಗೆ ಇರಲಿಲ್ಲ. ಆ ಲಕೋಟೆಯನ್ನು, ಅದಕ್ಕೆ ತಾನೇ ಚುಚ್ಚಿದ ಪಿನ್ನನ್ನು, ನೆನೆದು ನೆನೆದು ಅವಳು ತುಟಿ ಕಚ್ಚಿಕೊಂಡಳು.

ಮೂರನೆಯ ಗಂಟೆ ಮುಗಿಯುತ್ತ ಬಂದು, ಕೌಂಟರಿಗೆ ಇನ್ನು ಆರೇ ಜನ ಇರುವಾಗ ತಾಯಿಗೆ ವಾಂತಿಯಾಯಿತು. ನೆಲದ ಮೇಲೆ, ತನ್ನ ಸೀರೆಯ ಮೇಲೆ, ಮಗಳ ಪಾದದ ಮೇಲೆ. ಕಿಟಕಿ ತೆರೆಯಿತು.

“ಏಯ್! ಇವತ್ತು ದೊಡ್ಡವರು ಬರ್ತಾರೆ ಅಂತ ಗೊತ್ತಿಲ್ವಾ? ಒರೆಸಿ ಮೊದಲು!”

“ಬಕೆಟ್ಟು ಎಲ್ಲಿದೆ ಸಾರ್?”

“ಬಕೆಟ್ಟು ಹುಡುಕ್ಕೊಂಡು ಬರೋಕೆ ನಾನೇನು ನಿನ್ನ ಆಳಾ? ಮೈಮೇಲೆ ಬಟ್ಟೆ ಇಲ್ವಾ?”

ಮಗಳು ಹೆಗಲ ಮೇಲಿನ ಬಟ್ಟೆ ತೆಗೆದಳು. ಮೊಣಕಾಲೂರಿದಳು. ಎಪ್ಪತ್ತು ಜನ ನೋಡುತ್ತಿರುವಾಗ ತಾಯಿಯ ವಾಂತಿಯನ್ನು ಒರೆಸಿದಳು. ಮೂಲೆಯ ನಲ್ಲಿಯಲ್ಲಿ ಬಟ್ಟೆ ಹಿಂಡಿ ತಂದು ಇನ್ನೊಮ್ಮೆ ಒರೆಸಿದಳು. ಸುಕ್ಕಿಲ್ಲದಂತೆ ಒರೆಸಿದಳು; ಅವಳಿಗೆ ಕೆಲಸ ಅರ್ಧ ಮಾಡಿ ಗೊತ್ತಿರಲಿಲ್ಲ. ಎದ್ದು ನಿಂತು ಕಿಟಕಿಗೆ ಕೈ ಚಾಚಿದಳು.

“ಸಾಲು ಬಿಟ್ಟು ನಲ್ಲಿಗೆ ಹೋದ್ಯಲ್ಲ,” ಎಂದ ಗುಮಾಸ್ತ. “ಹಿಂದೆ ಹೋಗು. ಕೊನೆಯಿಂದ ಬಾ.”

ಮಗಳ ಕಿವಿಯಲ್ಲಿ ಜುಯ್ ಎಂದಿತು. ಮೈ ಹಗುರವಾಯಿತು, ತಲೆ ತಿರುಗಿದಂತಾಯಿತು, ಅದರೊಂದಿಗೇ ಹೊಟ್ಟೆಯ ಬುಡದಿಂದ ಒಂದು ನಗು ಎದ್ದು ಬಂತು. ಹೆದರುವುದಕ್ಕೆ ಇನ್ನೇನೂ ಉಳಿಯದವರಿಗೆ ಬರುವ ನಗು. ಅಷ್ಟರಲ್ಲಿ ತಾಯಿಗೆ ನಡುಕ ಶುರುವಾಯಿತು. ಹಲ್ಲು ಕಟಕಟ ಎಂದವು. ಭುಜ, ಮೊಣಕಾಲು, ಗದ್ದ, ಎಲ್ಲವೂ ಕುಣಿದವು. ಹೊದಿಸಲು ಒಂದು ಬಟ್ಟೆಯಿಲ್ಲ. ಇದ್ದ ಒಂದೂ ವಾಂತಿಯಲ್ಲಿ ನೆನೆದಿತ್ತು.

ಮಗಳು ಗಂಟನ್ನು ಬಿಚ್ಚಿದಳು. ಮೇಲಿದ್ದ ಕೋಟನ್ನು ಕೊಡವಿ ತಾಯಿಗೆ ತೊಡಿಸಿದಳು. ಕಾಲರು ಎಳೆದು, ಗುಂಡಿ ಹಾಕಿ, ಎದೆಯ ಮೇಲೆ ಒಮ್ಮೆ ಸವರಿ ನೇರ ಮಾಡಿದಳು. ತಲೆಯ ಬಟ್ಟೆ ಜಾರಿ ಬಿತ್ತು. ಒಂದು ಕೂದಲೂ ಇಲ್ಲದ ನುಣ್ಣನೆಯ ತಲೆ, ಅದರ ಕೆಳಗೆ ಗರಿಗರಿ ಬಿಳಿ ಕೋಟು.

“ನಡಿ ಅಮ್ಮ, ಇಲ್ಲಿಂದ,” ಎಂದು ಮಗಳು ಗಂಟನ್ನು ಮತ್ತೆ ತಲೆಗೇರಿಸಿ ಅವಳನ್ನು ಬಲಗಡೆಗೆ ತಿರುಗಿಸಿದಳು.

ಸಲಾಮಣ್ಣನ ಕಣ್ಣಂಚಿಗೆ ಬಿಳಿ ಬಿತ್ತು. ಅವನ ಕಾಲು ತಾನಾಗಿ ಎದ್ದಿತು. ಕೈ ತಾನಾಗಿ ಹಣೆಗೆ ಹೋಯಿತು. ಇನ್ನೊಂದು ಕೈ ತಾನಾಗಿ ಬಾಗಿಲನ್ನು ಪೂರ್ತಿ ತೆರೆಯಿತು. “ನಮಸ್ಕಾರ ಮೇಡಂ!” ಎಂದ ಮೇಲೆ ಅವನು ಮುಖ ನೋಡಿದ. ನೋಡಿ ಬೆಪ್ಪಾದ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಪ್ಪತ್ತು ಜನರೂ ನಕ್ಕರು. ಕೆಮ್ಮುವವರು ಕೆಮ್ಮುತ್ತ ನಕ್ಕರು.

“ನಮಸ್ಕಾರ ಕಣಪ್ಪ,” ಎಂದಳು ತಾಯಿ. “ಹದಿನಾರು ವರ್ಷ ಆಯ್ತು ನಿನ್ನ ಎದುರಿಗೆ ಓಡಾಡೋಕೆ ಶುರು ಮಾಡಿ. ಇವತ್ತು ಎದ್ದು ನಿಂತೆ!”

ಮಗಳು ಅವಳನ್ನು ಒಳಕ್ಕೆ ನೂಕಿದಳು. ಹೊಸ್ತಿಲಿನ ಮೇಲೆ ತಾಯಿ ಗಟ್ಟಿಯಾಗಿ ಕಾಲೂರಿ ನಿಂತಳು. ತಿರುಗಿ ಸಾಲನ್ನು ನೋಡಿದಳು. ಜ್ವರ ಅವಳ ಕಣ್ಣನ್ನು ಹೊಳೆಯಿಸುತ್ತಿತ್ತು.

“ಆ ಕೊನೇಲಿ ತಲೆಗೆ ಟವೆಲ್ಲು ಸುತ್ಕೊಂಡಿದಾರಲ್ಲ, ಅವರೂ ನನ್ನ ಥರಾನೇ ಕಣೇ. ಹುಬ್ಬಿಲ್ಲ ನೋಡು.”

“ಅಮ್ಮ! ಈಗ ನ್ಯಾಯ ಬೇಡ, ಸೂಜಿ ಬೇಕು! ಒಳಗೆ ನಡಿ!”

“ಒಬ್ಬಳೇ ಹೋದ್ರೆ ಕೋಟು ಕದ್ದ ಹಾಗಾಗುತ್ತೆ. ನಾಲ್ಕು ಜನ ಹೋದ್ರೆ ಅದು ಬೇರೆ.” ಅವಳು ಕೈ ಬೀಸಿ ಕೂಗಿದಳು: “ಕೀಮೋದವರು ಯಾರ್ಯಾರಿದೀರಪ್ಪಾ? ತಲೆ ಬಿಚ್ಚಿ! ನಾಚಿಕೆ ಯಾಕೆ? ಬೋಳು ತಲೆ ನಮ್ಮ ಕಾರ್ಡು!”

ಮಗಳಿಗೆ ಆ ಕ್ಷಣ ತಾಯಿಯ ಮೇಲೆ ಬಂದಷ್ಟು ಸಿಟ್ಟು ಗುಮಾಸ್ತನ ಮೇಲೂ ಬಂದಿರಲಿಲ್ಲ. ಗಂಟೆ ಕಳೆದುಹೋಗಿದೆ, ಮೈ ಕಾದ ಕಬ್ಬಿಣವಾಗಿದೆ, ಇವಳು ಹೊಸ್ತಿಲಲ್ಲಿ ನಿಂತು ಸಭೆ ಸೇರಿಸುತ್ತಿದ್ದಾಳೆ. ಎತ್ತಿಕೊಂಡು ಓಡಬೇಕೆನ್ನಿಸಿತು. ಆದರೆ ಸಾಲಿನಲ್ಲಿ ಒಂದು ಟವೆಲ್ಲು ಬಿಚ್ಚಿಕೊಂಡಿತು. ನಿವೃತ್ತ ಬಸ್ ಕಂಡಕ್ಟರನೊಬ್ಬ, ಬೋಳು. ಆಮೇಲೆ ಒಂದು ಸೆರಗು ಸರಿಯಿತು. ಹಾಸ್ಟೆಲಿನ ಅಡುಗೆಯಾಕೆ, ಬೋಳು. ಕಟ್ಟಕಡೆಯಲ್ಲಿ, ನೆಲದ ಮೇಲೆಯೇ ಕುಳಿತುಬಿಟ್ಟಿದ್ದ ಒಬ್ಬ ಗೋಡೆಗೆ ಬಣ್ಣ ಬಳಿಯುವವನು ಟೋಪಿ ತೆಗೆದ. ಅವನ ಬಾಯಿ ತುಂಬ ಹುಣ್ಣು, ಮಾತು ಬರುತ್ತಿರಲಿಲ್ಲ. ಬೆಳಗಿನ ಐದು ಗಂಟೆಗೇ ಬಂದವನು. ಕುಳಿತದ್ದಕ್ಕೆ ಸಾಲು ತಪ್ಪಿತೆಂದು ಅವನನ್ನೂ ಎರಡು ಸಲ ಹಿಂದಕ್ಕೆ ಕಳಿಸಿದ್ದರು.

ಆಗ ನಡೆದದ್ದನ್ನು ಗಮನಿಸಿ. ಯಾರೂ ಹೇಳಲಿಲ್ಲ, ಯಾರೂ ಬೇಡಿಕೊಳ್ಳಲಿಲ್ಲ. ಸಾಲು ತಾನಾಗಿ ಇಬ್ಭಾಗವಾಯಿತು. ಕೆಮ್ಮುತ್ತಿದ್ದವನೊಬ್ಬ ಬಾಯಿಗೆ ತೋಳು ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತ. “ದಾರಿ ಬಿಡ್ರಪ್ಪ, ಅವರಿಗೆ ನಮ್ಮ ಉಸಿರೂ ತಾಕಬಾರದು,” ಎಂದ. ಮೂರು ಗಂಟೆ ಕಾದು ನಿಂತವರು, ತಮಗೂ ಜ್ವರವಿದ್ದವರು, ದಾರಿ ಬಿಟ್ಟರು. ಹಳದಿ ಕಾರ್ಡು ಇಟ್ಟುಕೊಂಡು ಅದೇ ಹೊತ್ತಿಗೆ ಕಾರಿನಿಂದ ಇಳಿದವರು ಗಡಿಯಾರ ನೋಡಿಕೊಂಡರು.

ಮೂರು ಕೋಟುಗಳು ಗಂಟಿನಿಂದ ಹೊರಬಿದ್ದವು. ಮಗಳು ಒಬ್ಬೊಬ್ಬರಿಗೂ ತೊಡಿಸಿ ಕಾಲರು ನೆಟ್ಟಗೆ ಮಾಡಿದಳು.

“ನನಗೆ ಸಡಿಲ ಆಯ್ತಮ್ಮ,” ಎಂದ ಕಂಡಕ್ಟರ್.

“ಅದು ಹೃದಯದ ಡಾಕ್ಟ್ರದು ಯಜಮಾನ್ರೇ. ಅವರ ಹೊಟ್ಟೆ ದೊಡ್ಡದು.”

“ಹೃದಯ ದೊಡ್ಡದಿದ್ರೆ ನಾವು ಇಲ್ಲಿ ಯಾಕೆ ನಿಲ್ತಿದ್ವಿ?” ಎಂದು ಅವನು ಹೇಳಿ, ಹಳೆಯ ಅಭ್ಯಾಸದಂತೆ ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹಾಕಿದ. “ಮುಂದೆ ಹೋಗಿ, ಮುಂದೆ ಹೋಗಿ! ಒಳಗೆ ಖಾಲಿ ಇದೆ! ರೈಟ್ ರೈಟ್!”

ನಾಲ್ಕು ಬೋಳು ತಲೆ, ನಾಲ್ಕು ಬಿಳಿ ಕೋಟು, ಒಬ್ಬರ ಹೆಗಲನ್ನು ಒಬ್ಬರು ಹಿಡಿದುಕೊಂಡು ರೈಲಿನಂತೆ ಒಳಗೆ ಹೋದರು. ಸಲಾಮಣ್ಣ ಮೊದಲನೆಯವರಿಗೆ ಬಾಗಿಲು ತೆರೆದವನು ನಾಲ್ಕನೆಯವರಿಗೆ ಮುಚ್ಚುವುದು ಹೇಗೆಂದು ತಿಳಿಯದೆ ನಿಂತ. ಮಗಳು ಮೂವತ್ತಾರು ಕೋಟುಗಳ ಗಂಟನ್ನು ಹೊಸ್ತಿಲ ಮೇಲೆ ಇಟ್ಟು ಅದರ ಮೇಲೆ ಕುಳಿತಳು. ಇನ್ನು ಬಾಗಿಲು ಮುಚ್ಚುವ ಹಾಗಿರಲಿಲ್ಲ.

ಒಳಗಿದ್ದ ಹಿರಿಯ ಸಿಸ್ಟರ್ ಮೊದಲು ಬೆಚ್ಚಿದರು, ಆಮೇಲೆ ನಕ್ಕರು, ಆಮೇಲೆ ತಾಯಿಯ ಕೈ ಮುಟ್ಟಿ ನಗು ನಿಲ್ಲಿಸಿದರು. ಕಂಕುಳಲ್ಲಿ ಜ್ವರದ ಕಡ್ಡಿ ಇಟ್ಟರು. ನೂರಾ ಮೂರೂವರೆ.

“ಯಾರು ಹೇಳಿದ್ದು ಜ್ವರ ಇಲ್ಲ ಅಂತ?”

“ಬಂದೂಕು ಹೇಳ್ತು ತಾಯಿ,” ಎಂದಳು ಇಸ್ತ್ರಿಯಮ್ಮ.

ಅಷ್ಟರಲ್ಲಿ ಆಸ್ಪತ್ರೆಯ ಮೇಲ್ವಿಚಾರಕ ಓಡುತ್ತ ಬಂದ. ಹೊಸ ಟೈ, ಎದೆಯ ಮೇಲೆ ಹೂವು. “ಕೋಟು ಎಲ್ಲಿ? ಮೇಲೆ ಡಾಕ್ಟರೆಲ್ಲ ಬರೀ ಅಂಗಿಯಲ್ಲಿ ನಿಂತಿದಾರೆ! ದೊಡ್ಡವರ ಕಾರು ಬರೋಕೆ ಹದಿನೈದು ನಿಮಿಷ!” ಆಮೇಲೆ ಅವನ ಕಣ್ಣು ನಾಲ್ಕು ಜನರ ಮೇಲೆ ಬಿತ್ತು. “ಇದೇನಿದು ಅಸಹ್ಯ? ಬಿಚ್ಚಿ! ಬಿಚ್ಚಿ ಹೊರಗೆ ನಡೀರಿ! ಸಾಲಲ್ಲಿ ಬನ್ನಿ!”

ಮಗಳು ಗಂಟಿನ ಮೇಲಿಂದ ಏಳಲಿಲ್ಲ.

“ಬಿಚ್ಚಲ್ಲ,” ಎಂದಳು.

“ಏನಂದೆ?”

“ಬಿಚ್ಚಲ್ಲ ಅಂದೆ. ಗಂಟೂ ಕೊಡಲ್ಲ. ಒಳಗಿರೋ ನಾಲ್ಕು ಜನರ ಕೈಗೂ ಸೂಜಿ ಹೋಗಲಿ, ಬಾಟಲಿಯಿಂದ ಔಷಧಿ ಇಳಿಯೋದನ್ನ ನನ್ನ ಕಣ್ಣಲ್ಲಿ ನೋಡ್ತೀನಿ. ಆಮೇಲೆ ಏಳ್ತೀನಿ.”

“ನಿನ್ನನ್ನ ಎಳೆದು ಹಾಕಿಸ್ತೀನಿ!”

“ಎಳೀರಿ. ಕೋಟು ಸುಕ್ಕಾಗುತ್ತೆ.”

ಮೂವತ್ತು ವರ್ಷ ಆ ಸುಕ್ಕುಗಳನ್ನು ತೀಡಿದ ಮನೆಯವಳು ಅವಳು. ಯಾವುದಕ್ಕೆ ಆ ಕಟ್ಟಡ ಹೆದರುತ್ತದೆಂದು ಅವಳಿಗೆ ಗೊತ್ತಿತ್ತು. ಮನುಷ್ಯ ಸತ್ತರೆ ಹೆದರುವುದಿಲ್ಲ. ಫೋಟೋದಲ್ಲಿ ಸುಕ್ಕು ಬಂದರೆ ಹೆದರುತ್ತದೆ. ಮೇಲ್ವಿಚಾರಕ ಗಡಿಯಾರ ನೋಡಿದ. ಸಲಾಮಣ್ಣನ ಕಡೆ ನೋಡಿದ. ಸಲಾಮಣ್ಣ ಆಕಾಶ ನೋಡಿದ. ಹಿಂದೆ ಎಪ್ಪತ್ತು ಜನರ ಸಾಲು ಸುಮ್ಮನೆ ಬಂದು ಬಾಗಿಲಿನ ಆಚೆ ಅರ್ಧಚಂದ್ರವಾಗಿ ನಿಂತಿತ್ತು. ಒಳಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

“ಸಿಸ್ಟರ್!” ಎಂದು ಮೇಲ್ವಿಚಾರಕ ಕಿರುಚಿದ. “ಹಾಕಿ! ಬೇಗ ಹಾಕಿ! ನಾಲ್ಕೂ ಜನಕ್ಕೆ!”

ಆಮೇಲಿನ ಹನ್ನೆರಡು ನಿಮಿಷ ನೋಡುವ ಹಾಗಿತ್ತು. ಇಲ್ಲವೆಂದಿದ್ದ ಹಾಸಿಗೆ ಬಂತು. ತಿಂಡಿಗೆ ಹೋಗಿದ್ದಾರೆಂದಿದ್ದ ವೈದ್ಯರು ಬರಿ ಅಂಗಿಯಲ್ಲೇ ಓಡಿ ಬಂದರು. ಮುಗಿದಿದೆ ಎಂದಿದ್ದ ಔಷಧಿ ಕಪಾಟಿನಿಂದ ಇಳಿಯಿತು. ಕೀಮೋದಿಂದ ಕಪ್ಪಾಗಿ ಒಣಗಿದ ತಾಯಿಯ ನರ ಮೂರು ಸಲ ತಪ್ಪಿಸಿಕೊಂಡಿತು; ನಾಲ್ಕನೆಯ ಸಲ ಸಿಸ್ಟರ್ ಮೊಣಕೈಯ ಕೆಳಗೆ, ಎರಡು ಸುಟ್ಟ ಗೆರೆಗಳ ನಡುವೆ, ಅದನ್ನು ಹಿಡಿದರು. ಹನಿ ಇಳಿಯತೊಡಗಿತು. ಮೂರು ಗಂಟೆ ಬೇಡಿಕೊಂಡರೂ ಆಗದ ಕೆಲಸ ಹನ್ನೆರಡು ನಿಮಿಷದಲ್ಲಿ ಆಗುತ್ತದೆಂದರೆ, ಆಗದೆ ಇದ್ದುದಕ್ಕೆ ಕಾರಣ ಕೊರತೆಯಲ್ಲ. ಇಷ್ಟವಿರಲಿಲ್ಲ, ಅಷ್ಟೇ.

ಮಗಳು ಎದ್ದಳು. ಗಂಟು ಕೊಟ್ಟಳು. ಒಂದು ಕೋಟೂ ಸುಕ್ಕಾಗಿರಲಿಲ್ಲ. ನಲವತ್ತರಲ್ಲಿ ನಾಲ್ವರು ವೈದ್ಯರು ಆ ಫೋಟೋದಲ್ಲಿ ಇಲ್ಲ. ಬೇಕಾದರೆ ಎಣಿಸಿ ನೋಡಿ.

“ಏನೇ, ಗೆದ್ವಾ?” ಎಂದಳು ತಾಯಿ, ಹಲ್ಲು ಕಟಕಟಿಸುತ್ತಲೇ.

“ನೀನು ಮಾತಾಡಬೇಡ. ನಿನ್ನ ಮೇಲೆ ಇನ್ನೂ ಸಿಟ್ಟಿದೆ ನನಗೆ. ಹೊಸ್ತಿಲಲ್ಲಿ ನಿಂತು ಭಾಷಣ ಮಾಡ್ತೀಯಾ?”

“ಚೆನ್ನಾಗಿತ್ತಾ?”

ಮಗಳಿಗೆ ತಡೆಯಲಾಗಲಿಲ್ಲ. ತಾಯಿಯ ಹಾಸಿಗೆಗೆ ಹಣೆಯೊತ್ತಿ, ಬಟ್ಟೆ ಕಚ್ಚಿಕೊಂಡು, ಭುಜ ಕುಲುಕುವಂತೆ ನಕ್ಕಳು. ಪಕ್ಕದ ಹಾಸಿಗೆಯಿಂದ ಕಂಡಕ್ಟರ್ “ಟಿಕೆಟ್, ಟಿಕೆಟ್!” ಎಂದ. ಅಡುಗೆಯಾಕೆ ನಗುತ್ತ ಕಣ್ಣೀರು ಒರೆಸಿಕೊಂಡಳು. ಬಣ್ಣದವನು ಬಾಯಿ ತೆರೆಯಲಾರದೆ, ಕಣ್ಣಲ್ಲೇ ನಕ್ಕು, ಹೆಬ್ಬೆರಳು ಎತ್ತಿ ತೋರಿಸಿದ.

ರಕ್ತಪರೀಕ್ಷೆಯ ಚೀಟಿಗಳು ಮಧ್ಯಾಹ್ನ ಬಂದವು. ಸಾವಿರಗಟ್ಟಲೆ ಇರಬೇಕಾದ ಬಿಳಿ ಕಣ ತಾಯಿಗೆ ಇನ್ನೂರು ಇತ್ತು. ಅವಳ ಕಾವು ಐದು ದಿನಕ್ಕೆ ಉಣ್ಣೆಗೆ ಇಳಿಯಿತು, ಏಳನೆಯ ದಿನಕ್ಕೆ ರೇಷ್ಮೆಗೆ, ಎಂಟನೆಯ ದಿನ ಮಗಳ ಅಂಗೈಗೆ ತಣ್ಣಗೆ ಸಿಕ್ಕಿತು. ಬಣ್ಣದವನಿಗೆ ಹಾಗಾಗಲಿಲ್ಲ. ಐದು ಗಂಟೆಗೆ ಬಂದವನಿಗೆ ಹತ್ತಕ್ಕೆ ಸೂಜಿ ಬಿದ್ದಿತ್ತು. ಮೂರನೆಯ ದಿನ ಅವನ ಹಾಸಿಗೆಯ ಮೇಲೆ ಹೊಸ ಚಾದರ ಹಾಸಿದರು. ಆ ಹೊಸ ಕಟ್ಟಡದ ಗೋಡೆಗೆ ಬಣ್ಣ ಬಳಿದವನು ಅವನೇ ಎಂದು ಅವನ ತಮ್ಮ ಬಂದಾಗ ತಿಳಿಯಿತು. ಅಂದು ಇಸ್ತ್ರಿಯಮ್ಮ ನಗಲಿಲ್ಲ. ಅಂದು ಅವಳಿಗೆ ಜ್ವರವೂ ಇಳಿಮುಖವಾಗಿತ್ತು.

ಬಿಡುಗಡೆಯಾದ ದಿನ ತಾಯಿ ಮಗಳು ದೂರು ಬರೆಯಲು ಹೋದರು. ಅದೇ ಗುಮಾಸ್ತ ಒಂದು ನಮೂನೆ ಕೊಟ್ಟ. ಮೊದಲ ಸಾಲಿನಲ್ಲೇ ಒಂದು ಚೌಕ: ಹಳದಿ ಕಾರ್ಡಿನ ಸಂಖ್ಯೆ.

“ನಮಗೆ ಕಾರ್ಡು ಕೊಡಲಿಲ್ಲ ಅನ್ನೋದೇ ನಮ್ಮ ದೂರು ಸಾರ್.”

“ಗೊತ್ತಮ್ಮ. ಆದರೆ ಆ ಚೌಕ ಖಾಲಿ ಇದ್ರೆ ತಗೊಳ್ಳೋ ಹಾಗಿಲ್ಲ.”

“ಕಾರ್ಡು ಇರೋರು ಯಾರಾದ್ರೂ ಇದರ ಬಗ್ಗೆ ಬರೆದಿದಾರಾ?”

“ಯಾರೂ ಇಲ್ಲ. ಹತ್ತು ವರ್ಷದಿಂದ ನಾನಿಲ್ಲಿದೀನಿ. ಎರಡು ಬಾಗಿಲಿನ ಬಗ್ಗೆ ಒಂದು ದೂರೂ ಬಂದಿಲ್ಲ. ಎಲ್ಲರಿಗೂ ಸಮಾಧಾನ ಇದೆ.”

ಜ್ವರವಿಲ್ಲದೆಯೇ ತಾಯಿಗೆ ನಗು ಬಂತು. ಕೌಂಟರಿನ ಕಟ್ಟೆ ಹಿಡಿದುಕೊಂಡು ನಕ್ಕಳು. ಮಗಳೂ ನಕ್ಕಳು. ಹೊರಗಿನ ಸಾಲಿನವರು ಏಕೆಂದು ತಿಳಿಯದೆಯೇ ನಕ್ಕರು.

ಕೋಟುಗಳು ಈಗ ಅವರ ಕೋಣೆಗೆ ಬರುವುದಿಲ್ಲ. ಬೇರೆ ಎಲ್ಲಿಗೋ ಹೋಗುತ್ತವೆ. ಶಾಲೆಯ ಸಮವಸ್ತ್ರಗಳು ಬರುತ್ತವೆ. ನಾಲ್ಕನೆಯ ಕೀಮೋ ಮುಗಿದಿದೆ, ಇನ್ನೂ ಎರಡು ಉಳಿದಿವೆ. ಪ್ರತಿ ಸಲವೂ ಆ ಹತ್ತನೆಯ ದಿನ ಬರುತ್ತದೆ. ಎಡಗಡೆಯ ಸಾಲು ಹಾಗೇ ಇದೆ. ಮಗಳು ಆ ನಮೂನೆಯನ್ನು ದುಂಡಗಿನ ಅಕ್ಷರಗಳಲ್ಲಿ ಪೂರ್ತಿ ತುಂಬಿಸಿದ್ದಾಳೆ: ದಿನ, ಗಂಟೆ, ಬಂದೂಕು ಹೇಳಿದ ಸುಳ್ಳು, ನೆಲ ಒರೆಸಿದ ಬಟ್ಟೆ, ಬಣ್ಣದವನು ಬಂದ ಹೊತ್ತು, ಅವನಿಗೆ ಸೂಜಿ ಬಿದ್ದ ಹೊತ್ತು. ಒಂದು ಚೌಕ ಮಾತ್ರ ಖಾಲಿ. ಕಾಗದ ಸುಕ್ಕಾಗದಂತೆ ಮೇಜಿನ ಮೇಲೆ ಹರಡಿ, ಮೂಲೆಗೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದಾರೆ. ಬಲಗಡೆಯ ಬಾಗಿಲಿನಿಂದ ಹೋದವರು ನೀವು, ಹಳದಿ ಕಾರ್ಡು ನಿಮ್ಮ ಕೈಚೀಲದಲ್ಲಿದೆ. ಆಸ್ಪತ್ರೆಯ ಹಿಂಗೋಡೆಯ ಬೀದಿ, ಎಡಕ್ಕೆ ಮೂರನೆಯ ಬಾಗಿಲು. ಅದು ಹಗಲೆಲ್ಲ ತೆರೆದೇ ಇರುತ್ತದೆ. ಹೋಗಿ, ಆ ಚೌಕದಲ್ಲಿ ನಿಮ್ಮ ಸಂಖ್ಯೆಯನ್ನು ಬರೆದು ಬನ್ನಿ.